ಚಿಕ್ಕ ಆಪರೇಟಿಂಗ್ ಸಿಸ್ಟಮ್ ಬರೆಯಲು ಬಿ.ಇ. ಮುಗಿಯುವವರೆಗೆ ಕಾಯಬೇಕೇ?

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುರವಣಿಯ ಪ್ರಶ್ನೋತ್ತರದಲ್ಲಿ ಮಂಜೇಶ್ವರ ಕಡೆಯ ಹತ್ತನೇ ತರಗತಿಯ ಹುಡುಗಿಯೊಬ್ಬಳು, 'ನಾನೇ ಒಂದು ಚಿಕ್ಕ ಆಪರೇಟಿಂಗ್ ಸಿಸ್ಟಮ್ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?' ಎಂದು ಕೇಳಿದ್ದಳು. ಅದು ಸಾವಿರಾರು ಎಂಜಿನಿಯರುಗಳ ಕೆಲಸ, ಮೊದಲು ಬಿ.ಇ. ಮುಗಿಸಿ, ಸದ್ಯಕ್ಕೆ ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಿ ಎಂಬ ಉತ್ತರ ಬಂತು. ಬರೆದವರಿಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಅವಳೇನು ವಿಂಡೋಸ್ ಬರೆಯುತ್ತೇನೆ ಅಂದಿರಲಿಲ್ಲವಲ್ಲ? ಚಿಕ್ಕದು ಅಂತಲೇ ಕೇಳಿದ್ದಳು. ಅದಕ್ಕೆ ಉತ್ತರ ಇದೆ, ಹಾಗಾಗಿ ಈ ಪತ್ರ.

ನಾನು ಎಂಜಿನಿಯರ್ ಅಲ್ಲ. ಪೆರ್ಲದಲ್ಲಿ ಇನ್ವರ್ಟರ್, ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ, ಜೊತೆಗೆ ಸ್ವಲ್ಪ ಅಡಿಕೆ ತೋಟ. ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟ ಬೋರ್ಡುಗಳು ಬಾರದ ಸಂಜೆಗಳಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ನೋಡುವುದು ನನ್ನ ಹುಚ್ಚು. ಹಾಗೆ ನೋಡುತ್ತಾ ಶುರುವಾದದ್ದು ಇದು.

ಸ್ವಿಚ್ ಒತ್ತಿದ ಕೂಡಲೇ ಕೆಲಸ ಮಾಡುವುದು ಬೋರ್ಡಿನ ಚಿಪ್‌ನಲ್ಲಿರುವ ಬಯಾಸ್ ಎಂಬ ಪುಟ್ಟ ಪ್ರೋಗ್ರಾಂ. ಮೆಮೊರಿ, ಕೀಬೋರ್ಡ್ ಎಲ್ಲ ಸರಿ ಇದೆಯಾ ನೋಡಿಕೊಂಡು, ಅದು ಡಿಸ್ಕಿನ ಮೊಟ್ಟಮೊದಲ 512 ಬೈಟ್ ಓದುತ್ತದೆ. ಅದನ್ನು ಮೆಮೊರಿಯಲ್ಲಿ 7ಸಿ00 ಎಂಬ ವಿಳಾಸದಲ್ಲಿ ಇಟ್ಟು ಅಲ್ಲಿಗೇ ಹಾರುತ್ತದೆ (ಇಂಥ ವಿಳಾಸಗಳೆಲ್ಲ ಹೆಕ್ಸ್ ಲೆಕ್ಕದಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕ; 9 ಆದ ಮೇಲೆ ಎ, ಬಿ, ಸಿ ಅಂತ ಎಫ್‌ವರೆಗೆ). ಅದರ ಷರತ್ತು ಒಂದೇ: ಕೊನೆಯ ಎರಡು ಬೈಟ್ 55 ಮತ್ತು ಎಎ ಆಗಿರಬೇಕು. ಇಲ್ಲದಿದ್ದರೆ ಇದು ಬೂಟ್ ಡಿಸ್ಕ್ ಅಲ್ಲ ಅಂತ ಮುಂದಿನದನ್ನು ಹುಡುಕುತ್ತದೆ. ಉಳಿದ 510 ಬೈಟ್ ಯಾರು ಬರೆದರು, ಅವರದ್ದು ಯಾವ ಮೀಡಿಯಂ ಅಂತೆಲ್ಲ ಬಯಾಸ್ ಕೇಳುವುದಿಲ್ಲ.

512 ಬೈಟ್ ಎಂದರೆ ಎಷ್ಟು? ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮ) ಮೂರು ಬೈಟ್ ಬೇಕು. ಅಂದರೆ ಸುಮಾರು 170 ಸಂಕೇತ. ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನಷ್ಟು. ಅಷ್ಟರಲ್ಲಿ ಪರದೆ ಮೇಲೆ ಹೆಸರು ಬರೆಸಬಹುದು, ಡಿಸ್ಕಿನಿಂದ ಮುಂದಿನ ಭಾಗ ಓದಿಸಿಕೊಳ್ಳಲೂಬಹುದು. ಮೊದಲ ಪ್ರೋಗ್ರಾಂ ಹೀಗಿರಲಿ: ಎಎಚ್ ರಿಜಿಸ್ಟರಿಗೆ (ಪ್ರೊಸೆಸರಿನೊಳಗಿನ ಪುಟ್ಟ ಖಾನೆ) 0ಇ, ಎಎಲ್ ರಿಜಿಸ್ಟರಿಗೆ ಒಂದು ಅಕ್ಷರ, ಆಮೇಲೆ ಇಂಟರಪ್ಟ್ 10, ಅಂದರೆ ಪರದೆಯ ಕೆಲಸಕ್ಕೆ ಬಯಾಸನ್ನು ಕರೆಯುವ ಆದೇಶ. ಬಯಾಸ್ ಆ ಅಕ್ಷರವನ್ನು ಪರದೆಗೆ ಹಾಕಿ ಕೊಡುತ್ತದೆ. ಕೊನೆಗೆ ತನ್ನಲ್ಲಿಗೇ ತಿರುಗಿ ಹಾರುವ ಒಂದು ಜಂಪ್. ಅದು ಇಲ್ಲದಿದ್ದರೆ ಪ್ರೊಸೆಸರ್ ಮುಂದೆ ಮೆಮೊರಿಯಲ್ಲಿ ಸಿಕ್ಕಿದ್ದನ್ನೆಲ್ಲ ಆದೇಶ ಅಂದುಕೊಂಡು ಓಡುತ್ತಾ ಹೋಗುತ್ತದೆ.

ಇದಕ್ಕೆ ಖರ್ಚು ಏನೂ ಇಲ್ಲ. ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಕೈಟ್‌ನವರ (ಶಾಲೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ) ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹೇಗೂ ಇದೆ. ಉಬುಂಟು ಎಂಬ ಲಿನಕ್ಸ್ ಮೇಲೆ ಕಟ್ಟಿದ್ದು ಅದು. ನಾವು ಬರೆದ ಆದೇಶಗಳನ್ನು ಬೈಟ್‌ಗಳಾಗಿ ಮಾಡಿಕೊಡುವ ನ್ಯಾಸ್ಮ್ ಎಂಬ ಅಸೆಂಬ್ಲರ್, ಕ್ಯುಎಮು ಎಂಬ ಎಮ್ಯುಲೇಟರ್ ಎರಡೂ ಪುಕ್ಕಟೆ ಸಿಗುತ್ತವೆ. ಕ್ಯುಎಮು ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಮಾಡಿ ಕೊಡುತ್ತದೆ. ನಮ್ಮ ಸಿಸ್ಟಮ್ ಕೆಟ್ಟು ನಿಂತರೆ ಆ ಕಿಟಕಿ ಮುಚ್ಚಿದರಾಯಿತು, ಶಾಲೆಯ ಕಂಪ್ಯೂಟರಿಗೆ ಏನೂ ಆಗುವುದಿಲ್ಲ. ಐಟಿ ಟೀಚರ್ ಹೆದರಬೇಕಾಗಿಲ್ಲ ಅಂತ ಇದನ್ನು ಹೇಳುತ್ತಿದ್ದೇನೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಜಾಗದಲ್ಲಿ ಯುಇಎಫ್‌ಐ ಇರುತ್ತದೆ, ಅದರ ದಾರಿ ಬೇರೆ. ಆದರೆ ಕಲಿಯುವವರಿಗೆ ಕ್ಯುಎಮು ಒಳಗಿನ ಹಳೆಯ ಬಯಾಸೇ ಸುಲಭ.

ಕಷ್ಟ ಬರುವುದು ಪ್ರೊಸೆಸರ್ ಶುರುವಾಗುವ ಹಳೆಯ 16 ಬಿಟ್ ಸ್ಥಿತಿ ಬಿಟ್ಟು 32 ಬಿಟ್‌ನ ಪ್ರೊಟೆಕ್ಟೆಡ್ ಮೋಡ್‌ಗೆ ಹೋದ ಮೇಲೆ. ಅಲ್ಲಿ ಬಯಾಸ್ ಸಹಾಯಕ್ಕೆ ಬರುವುದಿಲ್ಲ. ಅಕ್ಷರ ಬೇಕಾದರೆ ಬಿ8000 ವಿಳಾಸದಿಂದ ಶುರುವಾಗುವ ಪರದೆಯ ಮೆಮೊರಿಗೆ ನಾವೇ ಬರೆಯಬೇಕು. 80 ಕಾಲಮ್, 25 ಸಾಲು. ಒಂದೊಂದು ಮನೆಗೂ ಎರಡು ಬೈಟ್, ಒಂದು ಅಕ್ಷರಕ್ಕೆ, ಒಂದು ಬಣ್ಣಕ್ಕೆ. ಇದು ಮಕ್ಕಳಿಗೆ ಬಹಳ ಖುಷಿ ಕೊಡುವ ಜಾಗ. ಅದರ ಹಿಂದೆಯೇ ಇಂಟರಪ್ಟ್‌ಗಳ ಕಾಟ. ಟೈಮರ್, ಕೀಬೋರ್ಡ್ ಇಂಥವು ಪ್ರೊಸೆಸರನ್ನು ನಡುವೆ ತಡೆದು ಕರೆಯುವುದೂ ಇಂಟರಪ್ಟೇ, ಒಂದೊಂದಕ್ಕೂ ಒಂದು ನಂಬರ್. ಮೊದಲ 32 ನಂಬರುಗಳನ್ನು ಇಂಟೆಲ್ ಪ್ರೊಸೆಸರಿನ ಸ್ವಂತ ಕೆಲಸಕ್ಕೆ ಕಾದಿರಿಸಿತ್ತು. 1981ರ ಪಿಸಿಯಲ್ಲಿ ಐಬಿಎಂ ಅದನ್ನು ಲೆಕ್ಕಿಸದೆ ಟೈಮರಿಗೆ 8ನೇ ನಂಬರ್ ಕೊಟ್ಟಿತು. ಪ್ರೊಟೆಕ್ಟೆಡ್ ಮೋಡ್‌ನಲ್ಲಿ 8 ಎಂದರೆ ಡಬಲ್ ಫಾಲ್ಟ್, ದೊಡ್ಡ ತಪ್ಪಿನ ಸೂಚನೆ. ಹಾಗಾಗಿ ಇಂದಿಗೂ ಹೀಗೆ ಸಿಸ್ಟಮ್ ಬರೆಯುವವರು ಮೊದಲು ಆ ಹಳೆಯ ಇಂಟರಪ್ಟ್ ಕಂಟ್ರೋಲರಿನ ನಂಬರುಗಳನ್ನು ಬದಲಾಯಿಸಲೇಬೇಕು. ಎಲ್ಲೋ ಯಾರೋ ಮಾಡಿದ್ದನ್ನು ಪೆರ್ಲದಲ್ಲಿ ಕೂತು ನಾನು ಸರಿ ಮಾಡುವುದು! ಇದನ್ನು ಮಾಡಲು ಮರೆತರೆ ಟೈಮರ್ ಮೊದಲ ಸಲ ಮಿಡಿದಾಗಲೇ ಮೆಷಿನ್ ರೀಸ್ಟಾರ್ಟ್ ಆಗುವುದೂ ಉಂಟು, ಅದೂ ಯಾವ ಎರರ್ ಮೆಸೇಜೂ ಇಲ್ಲದೆ. ಯಾಕೆಂದರೆ ಎರರ್ ಮೆಸೇಜ್ ಬರೆಯಬೇಕಾದವರೂ ನಾವೇ ಅಲ್ವಾ.

ಈಗ ನನಗೆ ಬಹಳ ಹಿಡಿಸಿದ ಭಾಗ. ಕೀಬೋರ್ಡಿನಲ್ಲಿ 'ಎ' ಒತ್ತಿದರೆ ಒಳಗೆ ಹೋಗುವುದು ಅಕ್ಷರ ಅಲ್ಲ. 60ನೇ ಪೋರ್ಟಿನಲ್ಲಿ (ಪ್ರೊಸೆಸರ್ ಕೀಬೋರ್ಡನ್ನು ಓದುವ ಬಾಗಿಲು, ಇದೂ ಹೆಕ್ಸ್ ಲೆಕ್ಕ) 1ಇ ಎಂಬ ಸಂಖ್ಯೆ ಬರುತ್ತದೆ, ಬೆರಳು ತೆಗೆದಾಗ 9ಇ. ಆ ಸಂಖ್ಯೆಗೆ ಯಾವ ಅಕ್ಷರ ಅಂತ ಪಟ್ಟಿ ಮಾಡುವವರು ನಾವು. ಹಾಗಾದರೆ ಕನ್ನಡವೇ ಯಾಕೆ ಆಗಬಾರದು? ಆದರೆ ಆ 80, 25ರ ಪರದೆಯಲ್ಲಿ ಸಾಮಾನ್ಯವಾಗಿ 256 ಆಕಾರಗಳಿಗಷ್ಟೇ ಜಾಗ, ಮನೆಗಳೂ ಇಕ್ಕಟ್ಟು, ನಮ್ಮ ಒತ್ತಕ್ಷರ ಹಿಡಿಸುವುದಿಲ್ಲ. ಗ್ರಾಫಿಕ್ಸ್ ಮೋಡ್‌ಗೆ ಹೋಗಿ ಚುಕ್ಕೆ ಚುಕ್ಕೆಯಾಗಿ ಬಿಡಿಸಬೇಕು. ನಾನು ಗಣಿತದ ಗ್ರಾಫ್ ಪುಸ್ತಕದಲ್ಲಿ ಅಡ್ಡ 16, ಉದ್ದ 16 ಮನೆ ಗುರುತು ಹಾಕಿ 'ಕ' ಬರೆದೆ. ತುಂಬಿದ ಮನೆ 1, ಖಾಲಿ ಮನೆ 0, ಒಂದು ಸಾಲಿಗೆ ಎರಡು ಬೈಟ್, ಇಡೀ 'ಕ'ಗೆ 32 ಬೈಟ್. 'ಸ್ತ್ರೀ' ಬರೆಯಲು ಹೋದಾಗ ಬುದ್ಧಿ ಬಂತು. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಟ್ಟ ಪಟ್ಟಿ) ಅದು ಆರು ಸಂಕೇತ, ಪರದೆಯಲ್ಲಿ ಒಂದೇ ಅಕ್ಷರ. ಯಾವುದು ಕೆಳಗೆ, ಯಾವುದು ಪಕ್ಕಕ್ಕೆ ಅಂತ ನಿರ್ಧರಿಸುವ ಕೋಡ್ ಬೇರೆಯೇ ಬೇಕು. ನನ್ನದು ಇನ್ನೂ ಒಂದು ಒತ್ತಿನವರೆಗೆ ಬಂದು ನಿಂತಿದೆ. ಫೋನಿನಲ್ಲಿ ಕನ್ನಡ ಸುಮ್ನೆ ಬರುತ್ತದೆ ಅಂದುಕೊಂಡವರು ಒಮ್ಮೆ ಇದನ್ನು ಮಾಡಿ ನೋಡಬೇಕು.

ಇಂಗ್ಲಿಷ್ ವಿಷಯ. ಇಂಟೆಲ್ ಮ್ಯಾನ್ಯುವಲ್ ಇಂಗ್ಲಿಷಿನಲ್ಲೇ ಇದೆ, ಹೌದು. ಆದರೆ ಇಲ್ಲಿನ ಮಕ್ಕಳು ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವವರು. ಬೇಕಾದ ನಾಲ್ಕು ಪುಟ ಡಿಕ್ಷನರಿ ಇಟ್ಟುಕೊಂಡು ಓದಿಯಾರು. ಶುರುವಿಗೆ ಬೇಕಾದ ಆದೇಶಗಳೂ ಮೂವ್, ಜಂಪ್, ಕಂಪೇರ್, ಕಾಲ್ ಇಂಥ ಕೆಲವೇ. ಲಿನಕ್ಸ್ ಶುರು ಮಾಡಿದಾಗ, 1991ರಲ್ಲಿ, ಲಿನಸ್ ಟೊರ್ವಾಲ್ಡ್ಸ್ ಕೂಡ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗ. ಪದವಿ ಆಮೇಲೆ ಬಂತು.

ಸಂಪಾದಕರೇ, ಪುರವಣಿಯಲ್ಲಿ ಫೋನಿನ ಟಿಪ್ಸ್ ಹಾಕುವ ಜಾಗದಲ್ಲಿ ಕೆಲವು ವಾರ ಇದನ್ನೇ ಹಂತ ಹಂತವಾಗಿ ಹಾಕಬಹುದಲ್ಲ? ನನಗಿಂತ ಚೆನ್ನಾಗಿ ಬರೆಯಬಲ್ಲ ಕಾಲೇಜು ಮೇಷ್ಟ್ರುಗಳು ಕಾಸರಗೋಡಲ್ಲೂ ಮಂಗಳೂರಲ್ಲೂ ಇದ್ದಾರೆ, ಕೇಳಿ ನೋಡಿ. ಆ ಹುಡುಗಿಗೆ ಈ ಪತ್ರ ತಲುಪಿಸಿ. ನನ್ನ ವಿಳಾಸ ನಿಮ್ಮಲ್ಲಿದೆ. ಅಂಗಡಿಯಲ್ಲಿ ಬಯಾಸ್ ಇರುವ ಹಳೆಯ ಪೆಂಟಿಯಂ 4 ಡೆಸ್ಕ್‌ಟಾಪ್ ಒಂದು ಬಿದ್ದಿದೆ. ಪೆನ್ ಡ್ರೈವ್‌ನಿಂದ ಬೂಟ್ ಆಗುತ್ತದೆ, ಬೋರ್ಡಿನ ಬ್ಯಾಟರಿಯೂ ಹೊಸತು. ಮನೆಯವರ ಜೊತೆಗೋ ಟೀಚರ್ ಜೊತೆಗೋ ಬಂದು ಕೊಂಡುಹೋಗಲಿ, ದುಡ್ಡು ಬೇಡ. ಮಾನಿಟರ್ ಮಾತ್ರ ಅವರೇ ನೋಡಿಕೊಳ್ಳಬೇಕು.

ಇತಿ,
ನಿಮ್ಮ ಓದುಗ
ಪೆರ್ಲ, ಕಾಸರಗೋಡು ಜಿಲ್ಲೆ