ನಮ್ಮ ದೇವಾಲಯದ ಮಾಡಿಗೆ ಹಂಚು ಬೇಕಾಗಿದೆ

ಮಂಗಳೂರು, 2020 ನವೆಂಬರ್ 2

ಕರ್ತನಲ್ಲಿ ಪ್ರಿಯರಾದವರಿಗೆ, ಊರು ಬಿಟ್ಟು ದೂರದಲ್ಲಿರುವ ನಮ್ಮವರಿಗೆ, ನಮ್ಮ ಗಂಟೆ ಕೇಳಿಸುವಷ್ಟು ಹತ್ತಿರವಿರುವ ನೆರೆಹೊರೆಯವರಿಗೆ,

ಮೊದಲೇ ಹೇಳಿಬಿಡುತ್ತೇವೆ, ಇದು ನಮ್ಮ ಚರ್ಚಿನ ಮಾಡು, ಅಂದರೆ ಛಾವಣಿ, ರಿಪೇರಿಗೆ ದುಡ್ಡು ಕೇಳುವ ಕಾಗದ. ದುಡ್ಡಿನ ಜೊತೆ ಹಳೆ ಹಂಚನ್ನೂ ಕೇಳುತ್ತಿದ್ದೇವೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಮಾರ್ಚ್ 15ರ ಭಾನುವಾರ ನಾವೆಲ್ಲ ಒಟ್ಟಿಗೆ ಕೂತು ಆರಾಧನೆ ಮಾಡಿದ್ದೇ ಕೊನೆ. ಕೊರೊನಾ ಬಂದು 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಗರಿಗಳ ಭಾನುವಾರಕ್ಕೆ ತೆಂಗಿನ ಗರಿ ಬೇಕು ಅಂತ ಹೇಳಿಟ್ಟವರಿಗೆ ಫೋನ್ ಮಾಡಿ ಬೇಡ ಅಂದೆವು. ಏಪ್ರಿಲ್ 12, ಪುನರುತ್ಥಾನ ಹಬ್ಬದ ಬೆಳಿಗ್ಗೆ ದೇವಾಲಯ ನೋಡಿಕೊಳ್ಳುವ ಅಣ್ಣ ಒಬ್ಬರೇ ಹೋಗಿ ಗಂಟೆ ಬಾರಿಸಿ, ಮತ್ತೆ ಬೀಗ ಹಾಕಿ ಬಂದರು. ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಅಜ್ಜ ಆವತ್ತು ಫೋನ್ ಮಾಡಿ, "ಗಂಟೆ ಕೇಳಿತು, ಇವತ್ತು ನಿಮ್ಮ ಹಬ್ಬ ಅಲ್ವಾ? ಊಟಕ್ಕೆ ಏನು ಮಾಡಿದ್ದೀರಿ?" ಅಂತ ವಿಚಾರಿಸಿದರು. ಏನೂ ವಿಶೇಷ ಮಾಡಿರಲಿಲ್ಲ. ಕೋಳಿ ಎಲ್ಲಿ ಸಿಗುತ್ತಿತ್ತು ಆಗ!

ನಮ್ಮದು 70 ಮನೆಗಳ ಸಣ್ಣ ಸಭೆ. ಬೇಕಾದಷ್ಟು ಮನೆಗಳಲ್ಲಿ ವಯಸ್ಸಾದವರು ಇಬ್ಬರೇ, ಇಲ್ಲಾ ಒಬ್ಬರೇ. ಮಕ್ಕಳು ಮುಂಬೈ, ದುಬೈ, ಕುವೈತ್. ಸ್ಮಾರ್ಟ್‌ಫೋನ್ ಇಲ್ಲ, ಇದ್ದರೂ ಮೊಮ್ಮಕ್ಕಳ ಫೋಟೋ ನೋಡಲಿಕ್ಕೆ ಮಾತ್ರ. ಸ್ತ್ರೀ ಸಂಘದವರು ಯಾರೂ ಹೇಳದೆ ತಾವೇ ಕೂತು ಮನೆಗಳನ್ನು ಹಂಚಿಕೊಂಡರು. ಒಬ್ಬೊಬ್ಬರಿಗೆ ಐದು ಮನೆ, ದಿನಾ ಸಂಜೆ ಒಂದು ಕರೆ. ಮಾತ್ರೆ ಇದೆಯಾ, ಗ್ಯಾಸ್ ಇದೆಯಾ, ಗಂಜಿಗೆ ಏನು ನಂಜಿಕೊಂಡಿರಿ. ಪ್ರಾರ್ಥನೆ ಕೊನೆಗೆ. "ಎಂಚ ಉಲ್ಲರ್?" (ಹೇಗಿದ್ದೀರಿ?) ಅಂತ ತುಳುವಿನಲ್ಲಿ ಶುರುವಾದ ಮಾತು ಕನ್ನಡದ "ಆಮೆನ್"ನಲ್ಲಿ ಮುಗಿಯುತ್ತಿತ್ತು. ನಮ್ಮಲ್ಲಿ ಅದು ಹಾಗೆಯೇ, ಮನೆಗೆ ತುಳು, ದೇವಾಲಯಕ್ಕೆ ಕನ್ನಡ.

ಭಾನುವಾರದ ಆರಾಧನೆಗೆ ಯೌವನಸ್ಥರು ಝೂಮ್ ಹಾಕಿದರು. ಪುಕ್ಕಟೆಯದು, 40 ನಿಮಿಷಕ್ಕೆ ತನ್ನಷ್ಟಕ್ಕೆ ನಿಂತುಹೋಗುತ್ತದೆ. ಅಯ್ಯನವರ, ಅಂದರೆ ನಮ್ಮ ಪಾದ್ರಿಗಳ, ಪ್ರಸಂಗ ಅಷ್ಟು ಚಿಕ್ಕದಾದದ್ದು ನಮ್ಮ ನೆನಪಿನಲ್ಲಿ ಅದೇ ಮೊದಲು, ಯಾರೂ ದೂರು ಹೇಳಲಿಲ್ಲ. ಗೀತೆ ಹಾಡುವುದು ಮಾತ್ರ ಆಗಲೇ ಇಲ್ಲ. ಒಬ್ಬರು ಮೊದಲ ಸಾಲಿನಲ್ಲಿದ್ದರೆ ಇನ್ನೊಬ್ಬರದ್ದು ಮೂರನೆಯ ಸಾಲು. ಕೊನೆಗೆ ಎಲ್ಲರೂ ಮೈಕ್ ಮುಚ್ಚಿಕೊಂಡು, ಒಬ್ಬರ ದನಿ ಕೇಳುತ್ತಾ ಮನೆಯಲ್ಲೇ ಹಾಡಿಕೊಂಡೆವು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಮಾಮೂಲಿ ಕಾನ್ಫರೆನ್ಸ್ ಕರೆ, ಒಂದು ಸಲಕ್ಕೆ ನಾಲ್ಕೈದು ಮನೆ.

"ಸಭೆ ಅಂದರೆ ಕಟ್ಟಡ ಅಲ್ಲ, ಜನ" ಅಂತ ಆ ತಿಂಗಳುಗಳಲ್ಲಿ ನಾವೇ ನೂರು ಸಲ ಹೇಳಿದ್ದೇವೆ. ಈಗ ಮಾಡು ರಿಪೇರಿಗೆ ದುಡ್ಡು ಎತ್ತುವ ಮಾತು ಬಂದಾಗ ದೃಢೀಕರಣದ (ಕನ್ಫರ್ಮೇಶನ್) ತರಗತಿಯ ಹುಡುಗನೊಬ್ಬ ಕೇಳಿದ, "ಹಾಗಾದರೆ ಕಟ್ಟಡ ಯಾಕೆ ಬೇಕು ಅಂಕಲ್? ಝೂಮ್ ಉಂಟಲ್ಲ?" ನ್ಯಾಯವಾದ ಪ್ರಶ್ನೆ. ಸಮಿತಿಯಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಎರಡನೇ ಬೆಂಚಿನ ಅಜ್ಜಿಯ ಮನೆಯಲ್ಲಿ. ಅವರಿಗೆ ಕಿವಿ ಕೇಳಿಸುವುದು ತೀರಾ ಕಡಿಮೆ. ಅವರ ಪಾಲಿಗೆ ಫೋನ್ ಇದ್ದೂ ಇಲ್ಲ. ಸಂಜೆಯ ಕರೆ ಅವರಿಗೆ ತಲುಪಲಿಲ್ಲ, ಝೂಮ್ ತಲುಪಲಿಲ್ಲ. ವಾರಕ್ಕೊಮ್ಮೆ ಗೇಟಿನ ಹೊರಗೆ ನಿಂತು ಕೈಬೀಸಿ, ಚೀಟಿ ಬರೆದು ಕೊಟ್ಟು ಬರುತ್ತಿದ್ದೆವು. ದೇವಾಲಯದಲ್ಲಿ ಅವರು ಹಾಡುತ್ತಾರೆ, ಗೊತ್ತಾ? ಮುಂದಿನ ಬೆಂಚಿನ ಮೇಲೆ ಕೈಯಿಟ್ಟು, ಪಕ್ಕದವರ ತುಟಿ ನೋಡುತ್ತಾ, ಪುಸ್ತಕದ ಮೇಲೆ ಬೆರಳಾಡಿಸುತ್ತಾ ಹಾಡುತ್ತಾರೆ. ಏಳು ತಿಂಗಳು ಅವರು ಹಾಡಿಲ್ಲ. ಕೊನೆಯ ಸಲ ಹೋದಾಗ ಚೀಟಿಯ ಹಿಂದೆ ಅವರೇ ಬರೆದು ಕೊಟ್ಟರು: "ಬಾಗಿಲು ಯಾವಾಗ?"

ಜೂನ್ 8ರಿಂದ ದೇವಸ್ಥಾನ, ಮಸೀದಿ, ಚರ್ಚುಗಳನ್ನು ತೆರೆಯಬಹುದು ಅಂತ ಸರ್ಕಾರ ಹೇಳಿತು. ನಾವು ತೆರೆಯಲಿಲ್ಲ. ಇದಕ್ಕೆ ಕೆಲವರಿಗೆ ಇನ್ನೂ ಬೇಸರ ಇದೆ, ಹಾಗಾಗಿ ಬಿಡಿಸಿ ಹೇಳುತ್ತೇವೆ. ಆಗಿನ ನಿಯಮದಂತೆ 65 ದಾಟಿದವರು, 10ಕ್ಕಿಂತ ಚಿಕ್ಕ ಮಕ್ಕಳು ಮನೆಯಲ್ಲೇ ಇರಬೇಕು. ಆರು ಅಡಿ ಅಂತರ ಬೇಕು. ಗಾಯನ ಮಂಡಳಿ ಹಾಡುವಂತಿಲ್ಲ, ರೆಕಾರ್ಡ್ ಹಾಕಿಕೊಳ್ಳಬಹುದು. ನಮ್ಮ ಸಭೆಯಲ್ಲಿ 65 ದಾಟಿದವರನ್ನು ಬಿಟ್ಟರೆ ಉಳಿಯುವವರು ಯಾರು? ಅದರ ಮೇಲೆ ಹಾಡೂ ಇಲ್ಲ ಅಂದರೆ?

"ನಂಬಿಕೆ ಇಲ್ಲದವರ ಹಾಗೆ ಹೆದರುವುದು ಯಾಕೆ?" ಅಂತ ಕೇಳಿದವರಿಗೆ ಅಯ್ಯನವರು ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಜರ್ಮನಿಯ ಮಾರ್ಟಿನ್ ಲೂಥರರ ಕಥೆ ಹೇಳಿದರು. 1527ರಲ್ಲಿ ಅವರ ಊರಾದ ವಿಟೆನ್‌ಬರ್ಗಿಗೆ ಪ್ಲೇಗ್ ಬಂತು. ವಿಶ್ವವಿದ್ಯಾನಿಲಯವನ್ನೇ ಯೆನಾ ಊರಿಗೆ ಸಾಗಿಸಿದರು. ಲೂಥರರಿಗೂ ಹೊರಡಲು ಅಪ್ಪಣೆಯಾಯಿತು, ಅವರು ಹೊರಡಲಿಲ್ಲ. ಮನೆಯಲ್ಲಿ ಬಸುರಿ ಹೆಂಡತಿ, ಸಣ್ಣ ಮಗು. ಆ ಮನೆಯೇ ರೋಗಿಗಳ ಆಸ್ಪತ್ರೆಯಾಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ವರ್ಷ ಅವರು ಇನ್ನೊಂದನ್ನೂ ಬರೆದಿದ್ದರು. ಮನೆಗೆ ಹೊಗೆ ಹಾಕಿ, ಔಷಧಿ ತಗೊಳ್ಳಿ, ನಿಮ್ಮ ಅಗತ್ಯ ಇಲ್ಲದ ಕಡೆ ಹೋಗಬೇಡಿ, ನಿಮ್ಮಿಂದ ಇನ್ನೊಬ್ಬರಿಗೆ ರೋಗ ಅಂಟಬಾರದು. ನೆರೆಯವನು ಕರೆದರೆ ಮಾತ್ರ ಹಿಂದೆ ಮುಂದೆ ನೋಡಬೇಡಿ. ಇದನ್ನು ಕೇಳಿದ ಮೇಲೆ ಚರ್ಚೆ ತಣ್ಣಗಾಯಿತು. ಜುಲೈಯಲ್ಲಿ ನಮ್ಮ ಜಿಲ್ಲೆಗೆ ಮತ್ತೆ ಒಂದು ವಾರದ ಲಾಕ್‌ಡೌನ್ ಬಂದಾಗ ಪೂರ್ತಿ ನಿಂತಿತು.

ಆದರೆ ಬೀಗ ಹಾಕಿದ್ದು ನಮಗೆ ಬೇರೆ ರೀತಿಯಲ್ಲಿ ಭಾರವಾಯಿತು. ಪ್ರತಿ ವರ್ಷ ಮೇ ತಿಂಗಳಲ್ಲಿ ಹುಡುಗರು ಮಾಡಿಗೆ ಹತ್ತಿ ಒಡೆದ ಹಂಚು ಬದಲಿಸುತ್ತಾರೆ. ಈ ವರ್ಷ ಯಾರೂ ಹತ್ತಲಿಲ್ಲ. ಮಳೆಗಾಲ ಪೂರ್ತಿ ನೀರು ಇಳಿದಿದೆ. ಉಡುಪಿಯಲ್ಲಿ ನೆರೆ ಬಂತಲ್ಲ, ಆ ಸೆಪ್ಟೆಂಬರ್ ಮಳೆಯ ಮರುದಿನ ಬಾಗಿಲು ತೆರೆದು ನೋಡಿದರೆ ಬಲಬದಿಯ ಬೆಂಚುಗಳ ಮೇಲೆ ಪಾಚಿ. ಆ ಕಡೆಯ ಪಕ್ಕಾಸುಗಳಿಗೆ, ಅಂದರೆ ಮಾಡು ಹೊರುವ ಮರಗಳಿಗೆ, ಒರಲೆ (ಗೆದ್ದಲು) ಹಿಡಿದಿದೆ, ಹಂಚು ಕೂರುವ ರೀಪು ಕೈಯಲ್ಲಿ ಮುಟ್ಟಿದರೆ ಪುಡಿ. ಕಿಟಕಿಗಳು ಉಬ್ಬಿ ತೆರೆಯುವುದೇ ಇಲ್ಲ.

ಹಂಚಿನ ಬದಲು ಶೀಟ್ ಹಾಕಿಬಿಡಿ, ಸಸ್ತಾ ಆಗುತ್ತದೆ ಅಂತ ಸಲಹೆ ಬಂತು. ಸಸ್ತಾ ಹೌದು. ಆದರೆ ಶೀಟಿನ ಕೆಳಗೆ ನಮ್ಮ ಊರಿನ ಜೂನ್ ಮಳೆಯಲ್ಲಿ ಪ್ರಸಂಗ ಕೇಳಿ ನೋಡಿ, ಎಲ್ಲರೂ ನಮ್ಮ ಅಜ್ಜಿಯ ಹಾಗೆಯೇ ಆಗುತ್ತೇವೆ. ಅದಕ್ಕಿಂತ ಮುಖ್ಯ, ಈ ರೋಗದ ಕಾಲದಲ್ಲಿ ನಮಗೆ ಗಾಳಿಯಾಡದ ಕೋಣೆಯೇ ದೊಡ್ಡ ಶತ್ರು. ಹಂಚಿನ ಮಾಡು ಸಂದುಗಳಿಂದ ಉಸಿರಾಡುತ್ತದೆ. ಎತ್ತರದ ಹಂಚಿನ ಮಾಡು, ಎರಡೂ ಕಡೆ ತೆರೆದ ಕಿಟಕಿ, ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಹೊಸದಾಗಿ ಕಟ್ಟಿದರೂ ಸಿಗುವುದಿಲ್ಲ.

ಇನ್ನೂ ಒಂದು ಕಾರಣ ಇದೆ, ಅದು ಲೆಕ್ಕಕ್ಕೆ ಸಿಗದ್ದು. ಮೊನ್ನೆ ಅಕ್ಟೋಬರ್ 30 ದಾಟಿತು. 1834ರಲ್ಲಿ ಅದೇ ದಿನ ಹೆಬಿಕ್, ಲೇನರ್, ಗ್ರೈನರ್ ಅನ್ನುವ ಮೂವರು, ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದರು. ಮರುದಿನ 31, ಲೂಥರರ ಸುಧಾರಣೆಯ ದಿನ. ಈ ಎರಡು ದಿನ ನಮಗೆ ಯಾವಾಗಲೂ ಒಟ್ಟೊಟ್ಟಿಗೆ ಬರುತ್ತವೆ. ಬಾಸೆಲ್ ಸ್ವಿಟ್ಜರ್ಲೆಂಡಿನ ಊರಾದರೂ ಬಂದವರಲ್ಲಿ ತುಂಬಾ ಜನ ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ ಮನೆಗಳವರು. ಕೆಲಸ ಕೊಡಲಿಕ್ಕೆಂದು ಅವರು ಶುರುಮಾಡಿದ್ದರಲ್ಲಿ ಹಂಚಿನ ಕಾರ್ಖಾನೆಯೂ ಒಂದು, 1865ರಲ್ಲಿ, ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ. ನಮ್ಮ ಸಭೆಯ ಎಷ್ಟೋ ಮನೆಗಳ ಮುತ್ತಜ್ಜಂದಿರು ಅಲ್ಲಿ ಮಣ್ಣು ತುಳಿದವರು. 1914ರ ಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟು ಊರಿಗೆ ಕಳಿಸಿತು. ಆಗ ಇಲ್ಲಿಯವರೇ ಸಭೆಗಳನ್ನು ನಡೆಸಿಕೊಂಡು ಹೋದರು. ಹಂಚಿನ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಗೆ ಹೋಯಿತು. ನಮ್ಮ ಮಾಡಿನಲ್ಲಿ ಈ ಎರಡೂ ಹೆಸರು ಅಚ್ಚಾದ ಹಂಚುಗಳಿವೆ.

ಕಷ್ಟ ಇರುವುದೂ ಅಲ್ಲಿಯೇ. ಒಂದು ಕಾರ್ಖಾನೆಯ ಹಂಚಿನ ತೋಡು ಇನ್ನೊಂದರದ್ದಕ್ಕೆ ಕೂರುವುದಿಲ್ಲ. ಹೊಸ ಹಂಚು ತಂದು ನಡುವೆ ಸಿಕ್ಕಿಸಿದರೆ ಮತ್ತೆ ಸೋರುತ್ತದೆ. ಇಲ್ಲಿಯ ಹೆಚ್ಚಿನ ಹಂಚಿನ ಕಾರ್ಖಾನೆಗಳು ಮುಚ್ಚಿವೆ. ಹಾಗಾಗಿ ಕೇಳುತ್ತಿದ್ದೇವೆ: ಹಳೆ ಮನೆ ಕೆಡವಿ ಟೆರೇಸ್ ಮನೆ ಕಟ್ಟಿಸುತ್ತಿದ್ದೀರಾ? ಹಿತ್ತಲಲ್ಲಿ, ಬಚ್ಚಲು ಕೊಟ್ಟಿಗೆಯ ಹಿಂದೆ ಹಂಚು ಪೇರಿಸಿಟ್ಟಿದ್ದೀರಾ? ನಮಗೆ ಹೇಳಿ. ಪಿಕಪ್ ತಂದು ನಾವೇ ಇಳಿಸಿಕೊಳ್ಳುತ್ತೇವೆ. ಯಾವ ಮತದವರ ಮನೆಯದ್ದಾದರೂ ಹಂಚು ಹಂಚೇ.

ಇನ್ನು ದುಡ್ಡಿನ ಮಾತು. ಮರ, ರೀಪು, ಕೂಲಿ, ಕಿಟಕಿ ಎಲ್ಲ ಸೇರಿ 4 ಲಕ್ಷ 60 ಸಾವಿರ ರೂಪಾಯಿಯ ಅಂದಾಜು. ನಮ್ಮ ಕೈಯಲ್ಲಿರುವುದು 1 ಲಕ್ಷ 15 ಸಾವಿರ. ಮಾರ್ಚ್‌ನಲ್ಲಿ ಇದಕ್ಕಿಂತ ಜಾಸ್ತಿ ಇತ್ತು. ಬೀಡಿ ಕೆಲಸ ನಿಂತು ಒಲೆ ಉರಿಯದ ಮನೆಗಳಿಗೆ, ಸಂಬಳ ಸಿಗದ ಖಾಸಗಿ ಶಾಲೆಯ ಟೀಚರುಗಳಿಗೆ, ಬಾಡಿಗೆ ಇಲ್ಲದ ರಿಕ್ಷಾದವರಿಗೆ ಅಕ್ಕಿ, ಬೇಳೆ, ಎಣ್ಣೆ ಕೊಟ್ಟೆವು. ಅದರಲ್ಲಿ ನಮ್ಮ ಸಭೆಯವರು ಅರ್ಧದಷ್ಟೂ ಇರಲಿಲ್ಲ. ಅದಕ್ಕೆ ಪಶ್ಚಾತ್ತಾಪ ಇಲ್ಲ. ಆದರೆ ಭಾನುವಾರದ ಕಾಣಿಕೆ ಚೀಲ ಏಳು ತಿಂಗಳು ತಿರುಗಿಲ್ಲ, ಬೆಳೆ ಹಬ್ಬದ ಏಲಂ ಕೂಡ ಇಲ್ಲ. ಗಂಟೆ ಬಾರಿಸುವ ಅಣ್ಣನಿಗೆ ಮೂರು ತಿಂಗಳ ಸಂಬಳ ಬಾಕಿ. ಅವರು ಕೇಳಿಲ್ಲ. ಬಂದ ಮೊದಲ ದುಡ್ಡು ಅವರಿಗೆ, ಆಮೇಲೆ ಮಾಡಿಗೆ. ಇದು ಸಮಿತಿಯ ತೀರ್ಮಾನ.

ನವೆಂಬರ್ 29, ಆಗಮನ ಕಾಲದ (ಕ್ರಿಸ್ಮಸ್ಸಿಗೆ ಮುಂಚಿನ ವಾರಗಳ) ಮೊದಲ ಭಾನುವಾರ ಬಾಗಿಲು ತೆರೆಯಬೇಕು ಅಂತಿದ್ದೇವೆ. ಬೆಳಿಗ್ಗೆ 7ಕ್ಕೆ ಒಂದು, 9ಕ್ಕೆ ಒಂದು ಆರಾಧನೆ. ಒಂದು ಬೆಂಚು ಬಿಟ್ಟು ಒಂದು ಬೆಂಚು, ಎಲ್ಲರಿಗೂ ಮಾಸ್ಕ್. ಹಿರಿಯರಿಗೆ ಅಂಗಳದ ಮಾವಿನ ಮರದ ಕೆಳಗೆ ಕುರ್ಚಿ, ಅಲ್ಲಿಗೊಂದು ಸ್ಪೀಕರ್. ಕರ್ತನ ಭೋಜನಕ್ಕೆ ಒಂದೇ ಪಾತ್ರೆಯ ಬದಲು ಸಣ್ಣ ಸಣ್ಣ ಲೋಟ. ಈ ಲೋಟದ ಬಗ್ಗೆ ಸಮಿತಿಯಲ್ಲಿ ಎರಡು ಗಂಟೆ ಮಾತಾಯಿತು, ಮಾಡಿನ ಬಗ್ಗೆ ಅರ್ಧ ಗಂಟೆ. ನಮ್ಮವರು ಹೀಗೆ.

ಹೊರದೇಶದಲ್ಲಿರುವವರು ಒಂದು ವಿಷಯ ಗಮನಿಸಿ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ಒಂದು ಪ್ರತಿ ಜೊತೆಗಿರಲಿ. ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ದಯವಿಟ್ಟು ಕಳಿಸಬೇಡಿ. ಆ ಹಣ ಪಡೆಯಲು ಬೇಕಾದ ಪರವಾನಗಿ ನಮಗಿಲ್ಲ. ಊರಿನಲ್ಲಿರುವ ನಿಮ್ಮ ತಮ್ಮನಿಗೋ ಅಕ್ಕನಿಗೋ ಸುಮ್ನೆ ಒಂದು ಫೋನ್ ಮಾಡಿ, ಹಿತ್ತಲಲ್ಲಿ ಹಂಚಿದೆಯಾ ಅಂತ ಕೇಳಿ. ಅದಕ್ಕೆ ಪರವಾನಗಿ ಬೇಡ.

ಖಾತೆಯ ವಿವರ ಜೊತೆಗಿರುವ ಚೀಟಿಯಲ್ಲಿದೆ. 100 ರೂಪಾಯಿ ಕೊಟ್ಟವರಿಗೂ ರಶೀದಿ ಕೊಡುತ್ತೇವೆ. ಖರ್ಚಿನ ಲೆಕ್ಕವನ್ನು ಪ್ರತಿ ಶನಿವಾರ ದೇವಾಲಯದ ಬಾಗಿಲಿಗೆ ಅಂಟಿಸುತ್ತೇವೆ, ಸಭೆಯವರಲ್ಲದವರೂ ಬಂದು ಓದಬಹುದು. ಹಂಚು ತರುವವರು ಬೆಳಿಗ್ಗೆ 8ರಿಂದ 12ರ ಒಳಗೆ ಬಂದರೆ ಅಣ್ಣ ಅಲ್ಲಿರುತ್ತಾರೆ. ತರುವ ಮೊದಲು ಬೆರಳಿನಿಂದ ತಟ್ಟಿ ನೋಡಿ, ಗಂಟೆಯ ಹಾಗೆ ಟಣ್ ಅಂದರೆ ತನ್ನಿ. ಮಂದವಾಗಿ ಸದ್ದಾದರೆ ಅದರಲ್ಲಿ ಬಿರುಕಿದೆ, ಬೇಡ.

ಎರಡನೇ ಬೆಂಚಿನ ಅಜ್ಜಿಗೆ 29ನೇ ತಾರೀಕು ಅಂತ ಚೀಟಿ ಬರೆದು ಕೊಟ್ಟಾಗಿದೆ.

ನಿಮ್ಮ,
ಸಭಾ ಸಮಿತಿಯ ಪರವಾಗಿ, ಕಾರ್ಯದರ್ಶಿ