ಕವಡೆಯ ಸದ್ದಿಗೂ ಜಾಗವಿರಲಿ

ಮಾನ್ಯರೆ,

ರಜೆ ಬಂತೆಂದರೆ ಮಕ್ಕಳು ಮೊಬೈಲ್ ಬಿಡುವುದಿಲ್ಲವೆಂಬ ದೂರು ಎಲ್ಲೆಡೆ ಕೇಳಿಬರುತ್ತಿರುವಾಗ, ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರ ಆಟದ ಹುಚ್ಚು ಈ ವಯಸ್ಸಿನಲ್ಲೂ ಬಿಡದ ನನ್ನದೊಂದು ವಿನಂತಿ. ಸೀಮೆಸುಣ್ಣದಲ್ಲಿ ಎಳೆದ 25 ಮನೆ, 4 ಕವಡೆ; ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ಅದು ಚೌಕ; ಎಲ್ಲವೂ ಬೋರಲಾದರೆ ಎಂಟು, ಅದೇ ಬಾರ. ಎದುರಾಳಿಯ ಕಾಯಿಯನ್ನು ಒಮ್ಮೆಯಾದರೂ ಕಡಿಯದೆ ಒಳಮನೆಗೆ ಪ್ರವೇಶವಿಲ್ಲವೆಂಬ ನಿಯಮವಿದ್ದುದರಿಂದ, ನಮ್ಮ ಜಗಲಿಯಲ್ಲಿ ಕಾಯಿ ನಡುಮನೆ ಸೇರಿ ಹಣ್ಣಾಗುವ ಮೊದಲು ಜಗಳ ಖಾತ್ರಿಯಿತ್ತು. (ಅಜ್ಜಿಯ ಕವಡೆಗಳು ಮಾತ್ರ ಅವರ ಮಾತು ಕೇಳುತ್ತಿದ್ದವು!) ಹಾಸಿನ ಆಟಗಳಲ್ಲಿ ಅಪಾರ ಆಸಕ್ತಿಯಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿನಲ್ಲಾದರೂ, ವಸ್ತುಸಂಗ್ರಹಾಲಯಗಳು ಇಂಥ ಹಾಸುಗಳನ್ನು ಗಾಜಿನ ಹಿಂದಷ್ಟೇ ಇಡದೆ, ಭಾನುವಾರಗಳಂದು ಮಕ್ಕಳು ಕುಳಿತು ಆಡುವಂತೆ ನೆಲದ ಮೇಲೂ ಹಾಸಿಕೊಡಲಿ.

– ಓರ್ವ ಓದುಗ, ಮೈಸೂರು