ಮಡಿಕೇರಿ ಕೇಂದ್ರಕ್ಕೆ ಬಂದಿದ್ದ ಅಕ್ಕನಿಗೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಕ್ಕಂದೂರು ಕಡೆಯ ನಾವು ಮಡಿಕೇರಿಯ ಪರಿಹಾರ ಕೇಂದ್ರ ಸೇರಿದೆವು. ಅಕ್ಕಿ, ಕಂಬಳಿ ರಾಶಿ ರಾಶಿ ಬಂತು. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ನಂಬಿ ಕುಡಿಯುವಂಥ ನೀರಿಲ್ಲ.

ಆಗ ಬಂದವರು ನೀವು. ಹೆಸರು ಕೂಡ ಹೇಳಲಿಲ್ಲ. ಡ್ರಮ್ಮಿನ ಕೆಸರು ನೀರನ್ನು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಮಾತ್ರೆ ಹಾಕಿಸಿದಿರಿ. ಕೆಸರಿದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತೆ ಅಂತ ವಿವರಿಸಿದಿರಿ. "ಅರ್ಧ ಗಂಟೆ ಯಾರೂ ಮುಟ್ಟಬೇಡಿ" ಅಂತ ಪಕ್ಕದಲ್ಲೇ ನಿಂತಿರಿ. ಯಾರೂ ಲೋಟ ಅದ್ದದಿರಲಿ ಅಂತ ನಲ್ಲಿ ಇರುವ ಡ್ರಮ್ ತರಿಸಿದಿರಿ.

ಇನ್ನೊಂದು ಹೇಳಲೇಬೇಕು. ಕತ್ತಲಲ್ಲಿ ಶೌಚಾಲಯಕ್ಕೆ ಹೋಗಲು ಹೆದರಿ ನಮ್ಮ ಹೆಣ್ಣುಮಕ್ಕಳು ಸಂಜೆಯಿಂದಲೇ ನೀರು ಕುಡಿಯುತ್ತಿರಲಿಲ್ಲ. ಅದನ್ನು ನೀವಾಗಿಯೇ ಕೇಳಿ ತಿಳಿದುಕೊಂಡಿರಿ. ಬಾಗಿಲಿಗೆ ಚಿಲಕ, ದಾರಿಗೆ ಬಲ್ಬು ಹಾಕಿಸಿದಿರಿ. ಪ್ಯಾಡ್‌ಗಳನ್ನು ಎಲ್ಲರೆದುರು ಹಂಚದೆ ಅಜ್ಜಿಯೊಬ್ಬರ ಕೈಗೆ ಕೊಟ್ಟು, ಬೇಕಾದವರು ಕೇಳಿ ತಗೊಳ್ಳಲಿ ಅಂದಿರಿ. ಊಟ ಕೊಟ್ಟವರು ತುಂಬಾ ಜನ, ಅವರಿಗೂ ನಾವು ಋಣಿ. ಇಷ್ಟು ದೂರ ಯೋಚಿಸಿದವರು ಮಾತ್ರ ನೀವೇ.

ನಮ್ಮ ಕೇಂದ್ರದ ಮಕ್ಕಳಿಗೆ ವಾಂತಿ ಭೇದಿ ಹರಡಲಿಲ್ಲ. ತುಂಬಾ ಥ್ಯಾಂಕ್ಸ್ ಅಕ್ಕ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಸಲ ಮನೆಗೆ ಬನ್ನಿ.